ದೋನ್ಯಾ ಲಿಯೊನೋರರ ಎಡಗಿವಿಯಲ್ಲಿ ವಾಸವಾಗಿರುವ ಬಟಾಣಿಯವರಿಗೆ

ಮಾನ್ಯರೇ,

ತಮ್ಮ ಬ್ಯಾಟರಿ ತುಂಬಿದೆಯೆಂದೂ, ತಮ್ಮ ಮೈಗೆ ಯಾರ ಕಿವಿಯ ಗುಗ್ಗೆಯೂ ಅಂಟಿಲ್ಲವೆಂದೂ ಮನಸಾರೆ ನಂಬಿ, ಮೆಕ್ಸಿಕೋ ನಗರದ ಪೋರ್ತಾಲೆಸ್ ಬಡಾವಣೆಯಲ್ಲಿ ಅಡುಗೆಮನೆಯ ಮೇಜಿನ ಮುಂದೆ ಕೂತು, ಧಾರಾವಾಹಿಗಳಿಗೆ ಚಿತ್ರಕತೆ ಬರೆಯುವ, ಅಥವಾ ಒಂದು ಕಾಲಕ್ಕೆ ಬರೆಯುತ್ತಿದ್ದ, ಅಥವಾ ಈಗ ಮತ್ತೆ ಬರೆಯತೊಡಗಿರುವ (ತಕರಾರು ಇರುವುದೇ ಅದರಲ್ಲಿ) ಗ್ರಿಸೆಲ್ದಾ ತಾಪಿಯಾ ಎಂಬ ನಾನು ತಮಗೆ ಸಲ್ಲಿಸುವ ಅನಂತ ನಮಸ್ಕಾರಗಳು.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮನ್ನು ಕಣ್ಣಾರೆ ಕಾಣದ ನತದೃಷ್ಟರಿಗೆ ತಮ್ಮ ಪರಿಚಯ ಮಾಡಿಕೊಡುವುದು ನನ್ನ ಕರ್ತವ್ಯ. ನಮ್ಮ ಸ್ಟುಡಿಯೋಗಳಲ್ಲಿ ನಟನಟಿಯರು ಮಾತುಗಳನ್ನು ಬಾಯಿಪಾಠ ಮಾಡುವ ಅನಿಷ್ಟ ಪದ್ಧತಿ ಎಂದೋ ನಿಂತುಹೋಗಿದೆ. ಗಾಜಿನ ಗೂಡಿನಲ್ಲಿ ಕೂತ ಪ್ರುದೆನ್ಸಿಯೋ ಎಂಬ ಮಹಾಶಯ ನಾನು ಬರೆದದ್ದನ್ನು ಮೈಕಿನಲ್ಲಿ ಮೆಲ್ಲಗೆ ಓದುತ್ತಾನೆ. ಬಟಾಣಿ ಕಾಳಿನಷ್ಟೇ ಇದ್ದು ಅದೇ ಹೆಸರಿನಿಂದ ಪ್ರಸಿದ್ಧರಾದ ತಾವು ಅದನ್ನು ಕಲಾವಿದರ ಕಿವಿಯೊಳಗೆ ಉಸುರುತ್ತೀರಿ. ಅವರು ಅದನ್ನು ಕೇಳಿದ ಮರುಕ್ಷಣ, ಹೃದಯದಿಂದಲೇ ಉಕ್ಕಿ ಬಂತೇನೋ ಎಂಬಂತೆ ಅಂದುಬಿಡುತ್ತಾರೆ. 'ಬಾಗಿಲ ಕಡೆ ನೋಡಿ, ಅಳಿ' ಎಂದರೆ ಬಾಗಿಲ ಕಡೆ ನೋಡಿ ಅಳುತ್ತಾರೆ. ತಮ್ಮ ಮೇಲೆ ಅವರಿಗಿರುವಷ್ಟು ಭಕ್ತಿಯನ್ನು ಗ್ವಾದಲೂಪೆಯ ಮಾತೆಯ ಮೇಲೂ ನಾನು ಕಂಡಿಲ್ಲ.

ಇನ್ನು ನನ್ನ ವಿಷಯ. ತಮಗೆ ದಣಿವಾದರೆ ಬ್ಯಾಟರಿ ಬದಲಿಸುತ್ತಾರೆ. ಈ ಸೌಕರ್ಯ ಬರಹಗಾರರಿಗೆ ಇನ್ನೂ ಬಂದಿಲ್ಲವೆಂಬುದನ್ನು ವಿನಯದಿಂದ ತಮ್ಮ ಗಮನಕ್ಕೆ ತರುತ್ತೇನೆ. ವರ್ಷಗಟ್ಟಲೆ ನಾನು ದಿನಕ್ಕೊಂದು ಕಂತು ಬರೆದೆ. ಜ್ವರವಿದ್ದಾಗಲೂ ಬರೆದೆ, ಗಂಡ ಬಿಟ್ಟುಹೋದ ವಾರವೂ ಬರೆದೆ. ಅವಳಿ ಮಕ್ಕಳನ್ನು ಅದಲುಬದಲು ಮಾಡಿದೆ, ಕುರುಡರಿಗೆ ಕಣ್ಣು ಬರಿಸಿದೆ, ಇಗರ್ಜಿಯ ಬಾಗಿಲಲ್ಲೇ ಮದುಮಗನಿಗೆ ಬೇಡಿ ತೊಡಿಸಿದೆ. ಕೊನೆಗೆ ಒಂದು ಬೆಳಗ್ಗೆ 'ಬಾಗಿಲು ತೆರೆಯುತ್ತದೆ' ಎಂದು ಬರೆದೆ, ಒಳಗೆ ಯಾರು ಬರುತ್ತಾರೆಂದು ತೋಚಲಿಲ್ಲ. ಸಂಜೆಯವರೆಗೆ ಕೂತೆ. ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಾನ್ಯರೇ, ನಗಬೇಡಿ, ನಾನು ನಿಜವಾಗಿಯೂ ಹೆದರಿಬಿಟ್ಟೆ.

ನಾನು ಹೆದರಿ ಕೂತಿದ್ದಾಗ ಧಾರಾವಾಹಿಯವರು ಕಾಯಲಿಲ್ಲ. ಕತೆಯ ಇಡೀ ಕುಟುಂಬಕ್ಕೆ ವಿಷದ ಅಣಬೆ ಸಾರು ಕುಡಿಸಿ ಒಂದೇ ಕಂತಿನಲ್ಲಿ ಎಲ್ಲರನ್ನೂ ಮುಗಿಸಿದರು. ಮನೆಯ ನಾಯಿಯನ್ನೂ ಬಿಡಲಿಲ್ಲ. ಅದನ್ನು ಬರೆದವರು ಬೇರೆಯವರಾದರೂ ಹೆಸರು ನನ್ನದೇ ಬಂತು, ಜನ ನನ್ನನ್ನು 'ಅಣಬೆ ಗ್ರಿಸೆಲ್ದಾ' ಎಂದು ಕರೆದರು, ಆಮೇಲೆ ಯಾರೂ ಕರೆಯಲಿಲ್ಲ. ಫೋನ್ ಮಾಡಿದರೆ ಎಲ್ಲರೂ ಮೀಟಿಂಗಿನಲ್ಲಿರುತ್ತಿದ್ದರು. ಕಡೆಗೆ ನನ್ನಕ್ಕನ ಗುಂಡಿ-ದಾರದ ಅಂಗಡಿಯಲ್ಲಿ ರಿಬ್ಬನ್ ಅಳೆದು ಕೊಡುವ ಕೆಲಸಕ್ಕೆ ನಿಂತೆ. ಕೆಲಸ ಚೆನ್ನಾಗಿಯೇ ಇತ್ತು. ಗಿರಾಕಿ ಬಂದು ನೀಲಿ ಗುಂಡಿ ಕೇಳುತ್ತಾಳೆ, ನೀಲಿ ಗುಂಡಿ ಕೊಟ್ಟರೆ ಹೋಗುತ್ತಾಳೆ. ಅವಳ ಪೂರ್ವಕತೆ ಯಾರಿಗೂ ಬೇಕಿಲ್ಲ.

ಹೀಗಿರುವಾಗ ನಿರ್ಮಾಪಕರಾದ ಉರುತಿಯಾ ಸಾಹೇಬರು ತಾವಾಗಿಯೇ ಫೋನ್ ಮಾಡಿದರು. ಅವರ ಬರಹಗಾರರೆಲ್ಲ ಒಟ್ಟಿಗೆ ಕೈಕೊಟ್ಟಿದ್ದರಂತೆ. ಒಂದೇ ಒಂದು ದೃಶ್ಯ ಬರೆದು ಕೊಡು, ಸಾಯುವ ತಾಯಿ, ವರ್ಷಗಳ ಹಿಂದೆ ಓಡಿಹೋದ ಮಗಳು, ಕ್ಷಮೆ. ಜನ ಅತ್ತರೆ ಉಳಿದದ್ದೂ ನಿನ್ನದು, ಅಳದಿದ್ದರೆ ಗುಂಡಿ ನಿನ್ನದು ಎಂದರು. ನಾನು ಅಂಗಡಿಯಲ್ಲೇ, ಗಿರಾಕಿಗಳ ನಡುನಡುವೆ ಬರೆಯಲು ಕೂತೆ. ವಾರವಿಡೀ ಏನೂ ಹುಟ್ಟಲಿಲ್ಲ, ಬೆವರು ಮಾತ್ರ ಹುಟ್ಟಿತು. ಆಮೇಲೆ, ಝಿಪ್ ಹುಡುಕುತ್ತಿದ್ದಾಗ, ಸಾಯುವ ತಾಯಿ ಮಗಳಿಗೆ ಹೇಳುವ ಒಂದೇ ಒಂದು ಮಾತು ತಾನಾಗಿ ಬಂತು: "ನನ್ನ ಕೋಪ ಹೋಗಿ ಬಹಳ ವರ್ಷ ಆಯ್ತು ಮಗಳೇ. ಹೇಳೋದಕ್ಕೆ ನಾಚಿಕೆಯಾಗಿ ಸುಮ್ಮನೆ ಇದ್ದುಬಿಟ್ಟೆ."

ಅಕ್ಕನಿಗೆ ಓದಿ ತೋರಿಸಿದೆ. ಅವಳು ಹೊಗಳುವ ಜಾತಿಯವಳಲ್ಲ. ಕತ್ತರಿ ಕೆಳಗಿಟ್ಟು, ಇದನ್ನು ಟಿವಿಯಲ್ಲಿ ಕೇಳಿದ ದಿನ ನೀನು ವಾಪಸ್ ಬಂದೆ ಅಂತ ಒಪ್ಪುತ್ತೇನೆ ಎಂದಳು. ನಾನೂ ಒಳಗೊಳಗೇ ಅದನ್ನೇ ಅಂದುಕೊಂಡೆ. ಆ ಒಂದು ಮಾತು ಒಂದು ಜೀವಂತ ಬಾಯಿಂದ ಹೊರಬಿದ್ದರೆ ನಾನು ಬರಹಗಾರ್ತಿ, ಇಲ್ಲದಿದ್ದರೆ ರಿಬ್ಬನ್ ಅಳೆಯುವವಳು.

ಈಗ ತಮ್ಮ ಪಾತ್ರದ ಪ್ರವೇಶ. ಚಿತ್ರೀಕರಣದ ದಿನ ತಾಯಿಯ ಪಾತ್ರದ ದೋನ್ಯಾ ಲಿಯೊನೋರ್ ಮಂಚದ ಮೇಲೆ ಎಷ್ಟು ಚೆನ್ನಾಗಿ ಸಾಯುತ್ತಿದ್ದರೆಂದರೆ ಮೇಕಪ್ಪಿನವಳು ಶಿಲುಬೆಯ ಗುರುತು ಹಾಕಿಕೊಂಡಳು. ಮಗಳು ಮಂಡಿಯೂರಿದಳು. ಕ್ಯಾಮೆರಾ ಹತ್ತಿರ ಬಂತು. ಆ ಪುಣ್ಯಗಳಿಗೆಯಲ್ಲಿ ಗಾಜಿನ ಗೂಡಿನ ಬಾಗಿಲಿಗೆ ತಮಾಲೆ ಎಂಬ ಜೋಳದ ಕಡುಬು ಮಾರುವವಳು ಬಂದಳು, ಪ್ರುದೆನ್ಸಿಯೋ ಮೈಕ್ ಆರಿಸುವುದನ್ನು ಮರೆತು ಅವಳ ಕಡೆ ತಿರುಗಿದ, ಮತ್ತು ತಾವು, ಕರ್ತವ್ಯನಿಷ್ಠೆಗೆ ಹೆಸರಾದ ತಾವು, ಒಂದಕ್ಷರ ಬಿಡದೆ ಎಲ್ಲವನ್ನೂ ದೋನ್ಯಾ ಅವರ ಕಿವಿಗೆ ಮುಟ್ಟಿಸಿದಿರಿ. ದೋನ್ಯಾ ಕಣ್ಣು ತುಂಬಿಕೊಂಡು, ಮಗಳ ಕೈಯನ್ನು ಎದೆಗೆ ಒತ್ತಿಕೊಂಡು, ಮುರಿದ ದನಿಯಲ್ಲಿ ಹೇಳಿದರು: "ಹಸಿರು ಖಾರದ್ದು ಬೇಡ... ಅದು ನನಗೆ ಆಗಲ್ಲ. ಮೋಲೆ ಗೊಜ್ಜಿಂದು ಇದ್ರೆ... ಎರಡು ಇಡು."

ಮಗಳು ಬಿಕ್ಕಿದಳು. ನಿರ್ದೇಶಕರು ಕಣ್ಣೊರೆಸಿಕೊಂಡು ಕಟ್ ಎಂದರು. ಉರುತಿಯಾ ಸಾಹೇಬರು ಓಡಿ ಬಂದು ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು, "ಏನು ಬರೆದಿದೀಯ ಮಾರಾಯ್ತಿ! ಸಾಯೋ ಹೊತ್ನಲ್ಲೂ ಹಸಿವು! ಜೀವನ ಅಂದ್ರೆ ಇದೇ ಕಣೇ" ಎಂದರು. ಅದನ್ನು ನಾನು ಬರೆದಿಲ್ಲ, ಅದು ಪ್ರುದೆನ್ಸಿಯೋನ ತಿಂಡಿ ಎಂದೆ. ವಿನಯ ಜಾಸ್ತಿಯಾಯಿತು ಎಂದರು. ಬರೆದ ಹಾಳೆ ತೋರಿಸಿದೆ. ಅದಕ್ಕಿಂತ ಇದೇ ಚೆನ್ನಾಗಿದೆ ಎಂದರು.

ಪ್ರಸಾರವಾದ ರಾತ್ರಿ ದೇಶ ಅತ್ತಿತಂತೆ. ಬಸ್ಸಿನಲ್ಲಿ, ಬ್ಯೂಟಿ ಪಾರ್ಲರಿನಲ್ಲಿ, ದಂತವೈದ್ಯರ ಬಾಗಿಲಲ್ಲಿ ಜನ ಕೈ ಎದೆಗೆ ಒತ್ತಿಕೊಂಡು ಮೋಲೆ ತಮಾಲೆ ಕೇಳತೊಡಗಿದರು. ಅಣಬೆಯ ಅಪಕೀರ್ತಿಯನ್ನು ತೊಳೆದು ನನ್ನನ್ನು ಮತ್ತೆ ಕೀರ್ತಿಶಿಖರಕ್ಕೆ ಏರಿಸಿದವರು ತಾವು. ಆ ಋಣವನ್ನು ನಾನು ಮರೆತರೆ ನನ್ನಂಥ ಕೃತಘ್ನಳು ಬೇರೆ ಇಲ್ಲ. ಕೆಲಸ ಸಿಕ್ಕಿತು. ತಾಯಿಯನ್ನು ಸಾಯಿಸಬಾರದೆಂದು ಅಪ್ಪಣೆಯಾಯಿತು. ಆಕೆ ವಾರಕ್ಕೊಮ್ಮೆ ಚೇತರಿಸಿಕೊಂಡಳು, ವಾರಕ್ಕೊಮ್ಮೆ ಮತ್ತೆ ಹಾಸಿಗೆ ಹಿಡಿದಳು, ಪ್ರತಿ ಸಲವೂ ಮಗಳ ಕೈಹಿಡಿದು ಏನಾದರೊಂದು ತಿನ್ನಲು ಕೇಳಿದಳು. ಒಂದು ವಾರ ಕುಂಬಳಹೂವಿನ ಕೆಸಾದಿಯಾ, ಇನ್ನೊಂದು ವಾರ ಜೋಳದ ಗಂಜಿ. ಅವಳಿಗಳನ್ನು ಅದಲುಬದಲು ಮಾಡಿದ ಕೈಯಿಂದ ನಾನು ಹೋಟೆಲಿನ ತಿಂಡಿಪಟ್ಟಿ ಬರೆದೆ.

ತಾವು ಕೇಳಬಹುದು, ಹಾಗಾದರೆ ತಕರಾರು ಏನಮ್ಮ ಎಂದು. ತಕರಾರು ನನ್ನಕ್ಕ. ಅಂಗಡಿಯಲ್ಲಿ ನೆರೆಹೊರೆಯವರೆಲ್ಲ ಟಿವಿ ಮುಂದೆ ಕೂತು ಮೂಗು ಒರೆಸಿಕೊಳ್ಳುತ್ತಿದ್ದಾಗ ಅವಳೊಬ್ಬಳೇ ನನ್ನ ಕಡೆ ತಿರುಗಿ, "ಇದು ನಿನ್ನ ಮಾತಲ್ಲ" ಎಂದಳು. ಅಷ್ಟೇ. ಬೆಳಗ್ಗೆ ಎಂದಿನಂತೆ ನನ್ನ ಕೈಗೆ ಅಳತೆಯ ಟೇಪು ಕೊಟ್ಟಳು. ನಾನೂ ಸ್ಟುಡಿಯೋದಿಂದ ಬಂದ ಮೇಲೆ ಎಂದಿನಂತೆ ರಿಬ್ಬನ್ ಅಳೆದೆ, ಏಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ಹೊಗಳಿಕೆ ಕೇಳಿದಾಗಲೆಲ್ಲ ಬೇರೆಯವರ ಕೋಟು ತೊಟ್ಟು ಫೋಟೋಕ್ಕೆ ನಿಂತಂತೆ ಆಗುತ್ತಿತ್ತು.

ಕೊನೆಗೆ ದೋನ್ಯಾ ಲಿಯೊನೋರ್ ಅವರೇ ನನ್ನನ್ನು ಕಾಪಾಡಿದರು. ಮಲಗಿ ಮಲಗಿ ಬೆನ್ನು ಹಿಡಿದುಕೊಂಡಿದೆ, ಇನ್ನು ನನ್ನನ್ನು ಸಾಯಿಸದಿದ್ದರೆ ನಾನೇ ಎದ್ದು ಹೋಗುತ್ತೇನೆ ಎಂದು ಹಠ ಹಿಡಿದರು. ಉರುತಿಯಾ ಸಾಹೇಬರು ಒಲ್ಲದ ಮನಸ್ಸಿನಿಂದ ಒಪ್ಪಿದರು. ನಾನು ಆ ಹಳೆಯ ಮಾತನ್ನು ತೆಗೆದು ಕೊನೆಯ ದೃಶ್ಯದಲ್ಲಿಟ್ಟೆ, ಪ್ರುದೆನ್ಸಿಯೋಗೆ ನನ್ನ ಕೈಯಾರೆ ಹೊಟ್ಟೆ ತುಂಬ ಉಣ್ಣಿಸಿದೆ, ಗೂಡಿನ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದೆ. ಮನುಷ್ಯಮಾತ್ರರಿಂದ ಆಗುವ ಎಲ್ಲ ಎಚ್ಚರಿಕೆಯನ್ನೂ ನಾನು ವಹಿಸಿದ್ದೆನೆಂದು ತಾವು ಒಪ್ಪುತ್ತೀರಿ. ಕ್ಯಾಮೆರಾ ಹತ್ತಿರ ಬಂತು, ಮಗಳು ಮಂಡಿಯೂರಿದಳು, ಪ್ರುದೆನ್ಸಿಯೋ ಬಾಯಿ ತೆರೆದ. ತಾವು ಸತ್ತಿರಿ.

ಇಷ್ಟು ವರ್ಷ ಒಂದು ದಿನವೂ ರಜೆ ಹಾಕದ ತಾವು ಅದೇ ಗಳಿಗೆಯನ್ನು ಆರಿಸಿಕೊಂಡ ಸೂಕ್ಷ್ಮತೆಯನ್ನು ಎಷ್ಟು ಹೊಗಳಿದರೂ ಸಾಲದು. ದೋನ್ಯಾ ಅವರ ಕಣ್ಣುಗಳು ತೆರೆದುಕೊಂಡವು. ತುಟಿ ಅಲುಗಿತು, ಮಾತು ಬರಲಿಲ್ಲ. ಎಲ್ಲರೂ ಅಭಿನಯವೆಂದುಕೊಂಡು ಉಸಿರು ಹಿಡಿದರು. ನನಗೆ ಮಾತ್ರ ಗೊತ್ತಾಯಿತು. ತೆರೆದ ಬಾಗಿಲು, ಒಳಗೆ ಬರಲು ಯಾರೂ ಇಲ್ಲ. ಆ ಹೆದರಿಕೆಯ ಮುಖವನ್ನು ನಾನು ನನ್ನ ಕನ್ನಡಿಯಲ್ಲಿ ಎಷ್ಟು ಬೆಳಗುಗಳಲ್ಲಿ ನೋಡಿದ್ದೆನೋ! ಅಯ್ಯೋ ಪಾಪ ಅನ್ನಿಸಿತು. ನನ್ನ ಮಾತಿನ ಮೇಲಿನ ಆಸೆಯೂ ಆಗ ನೆನಪಿರಲಿಲ್ಲ, ಆ ಮುದುಕಿಯನ್ನು ಒಂಟಿಯಾಗಿ ಬಿಡಬಾರದೆಂದು ಮಾತ್ರ ಅನ್ನಿಸಿತು. ಕ್ಯಾಮೆರಾಗಳ ಹಿಂದಿನಿಂದ ಅಂಬೆಗಾಲಿಟ್ಟು, ನೆಲದವರೆಗೆ ಇಳಿಬಿದ್ದಿದ್ದ ಕೌದಿಯನ್ನೆತ್ತಿ, ಈ ವಯಸ್ಸಿನಲ್ಲಿ, ಈ ಸೊಂಟ ಇಟ್ಟುಕೊಂಡು, ಮಂಚದ ಕೆಳಗೆ ತೂರಿಕೊಂಡೆ. ಇಲ್ಲೇ ಇದ್ದೇನೆ ದೋನ್ಯಾ, ಹೆದರಬೇಡಿ ಎಂದು ಮೆಲ್ಲಗೆ ಹೇಳಿ, ಆಮೇಲೆ ಆ ಮಾತು ಹೇಳಿದೆ.

ಮೇಲಿನಿಂದ ಒಂದು ಕೈ ಇಳಿದು ಬಂದು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿಯಿತು. ತಮ್ಮಿಂದ ಕೇಳಿ ಮರುಕ್ಷಣ ಅಂದುಬಿಡುತ್ತಿದ್ದ ದೋನ್ಯಾ ಈ ಸಲ ತಡೆದರು. ಮಾತನ್ನು ಒಳಗೆ ತೆಗೆದುಕೊಂಡು ಎಲ್ಲೋ ಇಟ್ಟು ನೋಡಿದರು. ಆಮೇಲೆ ಹೇಳಿದರು: "ಕೋಪ ಯಾವತ್ತೋ ಹೋಗಿತ್ತು ಕಣೇ. ಹೇಳೋಕೆ ನಾಚ್ಕೆ ಆಯ್ತು, ಅಷ್ಟೇ."

ನಾನು ಬರೆದದ್ದಕ್ಕಿಂತ ಚಿಕ್ಕದು, ನಾನು ಬರೆದದ್ದಕ್ಕಿಂತ ಚೆನ್ನ. ಆದರೆ ನನ್ನದೇ. ಮಂಚದ ಕೆಳಗೆ, ಧೂಳಿನಲ್ಲಿ, ಸೀನು ತಡೆದುಕೊಂಡು ನಾನು ಅತ್ತೆ.

ಈ ಎಲ್ಲ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ಕೆಲವು ಸಣ್ಣ ಕೋರಿಕೆಗಳಿವೆ. ಹಸಿವಾದವರ ಮಾತಿಗೆ ತಾವು ಇನ್ನು ಮುಂದೆ ಸ್ವಲ್ಪ ಕಿವುಡರಾಗಬೇಕು. ಸಾಧ್ಯವಾದರೆ ಉರುತಿಯಾ ಸಾಹೇಬರ ಕಿವಿಗೆ ವರ್ಗ ಮಾಡಿಸಿಕೊಂಡು, ಅವರು ಫೋನ್ ಎತ್ತಿ ಮೀಟಿಂಗಿನಲ್ಲಿದ್ದೇನೆ ಎನ್ನುವ ಮೊದಲೇ, ಆ ತುದಿಯಲ್ಲಿರುವವಳೂ ಒಂದು ಜೀವ ಎಂದು ಉಸುರಬೇಕು. ಮತ್ತು ಯಾರಾದರೂ ಬರಹಗಾರರು ಖಾಲಿ ಹಾಳೆಯ ಮುಂದೆ ದಿನವಿಡೀ ಕೂತಿದ್ದರೆ ಅವರ ಕಿವಿಯಲ್ಲೂ ಒಂದು ಗಳಿಗೆ ಕೂತು ಬರಬೇಕು. ಏನೂ ಹೇಳುವುದು ಬೇಡ, ಕೂತರೆ ಸಾಕು.

ಕೊನೆಯ ಕಂತು ನಿನ್ನೆ ಪ್ರಸಾರವಾಯಿತು. ಜನ ಮೊದಲ ಸಲದಷ್ಟು ಅಳಲಿಲ್ಲ. ಸಾಯುವಾಗ ಏನೂ ತಿನ್ನಲು ಕೇಳಲೇ ಇಲ್ಲವಲ್ಲ ಎಂದು ಕೆಲವರು ಬೇಸರಪಟ್ಟುಕೊಂಡು ಎದ್ದು ಹೋದರು. ನನ್ನಕ್ಕ ಟಿವಿ ಆರಿಸಿದಳು. ಗಲ್ಲಾದ ಹಿಂದೆ ಹೋಗಿ ನನ್ನ ಟೇಪನ್ನು ಸುತ್ತಿ ತನ್ನ ಜೇಬಿಗೆ ಹಾಕಿಕೊಂಡು, ಬಾಗಿಲು ಎಳೆಯುತ್ತ, ನನ್ನ ಮುಖ ನೋಡದೆ ಹೇಳಿದಳು: "ನಾಳೆಯಿಂದ ಅಂಗಡಿಗೆ ಬರಬೇಡ."

ತಮ್ಮಿಂದ ಉಪಕಾರವನ್ನೂ ಅಪಕಾರವನ್ನೂ ಸಮನಾಗಿ ಪಡೆದ,
ತಮ್ಮ ವಿಶ್ವಾಸಿ,
ಗ್ರಿಸೆಲ್ದಾ ತಾಪಿಯಾ

ತಾ.ಕ.: ದೋನ್ಯಾ ಲಿಯೊನೋರ್ ಮುಂದಿನ ಧಾರಾವಾಹಿಯ ಕರಾರಿನಲ್ಲಿ, ಬಟಾಣಿ ಬೇಡ, ಗ್ರಿಸೆಲ್ದಾಳೇ ಹತ್ತಿರ ಅಡಗಿ ಕೂತು ಮಾತು ಹೇಳಿಕೊಡಬೇಕು ಎಂದು ಬರೆಸಿದ್ದಾರೆ. ಈ ಸಲ ಅವರದು ಕಂತಿನುದ್ದಕ್ಕೂ ಕುದುರೆಯ ಮೇಲೇ ಇರುವ ಜಮೀನ್ದಾರಿಣಿಯ ಪಾತ್ರ. ಆ ಕುದುರೆಯನ್ನು ನಾನು ಹೋಗಿ ನೋಡಿ ಬಂದಿದ್ದೇನೆ. ಆದ್ದರಿಂದ ಮೇಲೆ ಬರೆದ ದೂರುಗಳನ್ನೆಲ್ಲ ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳದೆ, ತಾವು ಆದಷ್ಟು ಬೇಗ ರಿಪೇರಿಯಾಗಿ ಬರಬೇಕೆಂದು ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ.