ಇನ್ನೂರು ರೊಟ್ಟಿಗೆ ಒಂದು ನೇಮಕಾತಿ

ಕೆಲಸಕ್ಕೆ ಒಬ್ಬರನ್ನು ಆರಿಸುವುದು ಕಷ್ಟವಲ್ಲ ಎಂದು ನಾನು ನಂಬಿದ್ದೆ. ಎಂ.ಬಿ.ಎ.ಯಲ್ಲಿ ಅದನ್ನೇ ಒಂದು ವಿಷಯವಾಗಿ ಓದಿ, ಒಳ್ಳೆಯ ಅಂಕವನ್ನೂ ಪಡೆದಿದ್ದೆ. ಹಾಗಾಗಿ ಹೊನ್ನಾಳಿಯಲ್ಲಿ ರೊಟ್ಟಿ ಅಂಗಡಿ ನಡೆಸುವ ದೊಡ್ಡಮ್ಮ ಜಾರಿಬಿದ್ದು ಬಲಗೈ ಮುರಿದುಕೊಂಡಾಗ, “ಚಿಂತೆ ಬಿಡು ದೊಡ್ಡಮ್ಮ, ರೊಟ್ಟಿ ಬಡಿಯೋರನ್ನ ನಾನು ಹುಡುಕ್ತೀನಿ” ಎಂದೆ. ಶುಕ್ರವಾರ ಪಕ್ಕದ ಬೀದಿಯ ಗೃಹಪ್ರವೇಶಕ್ಕೆ ಇನ್ನೂರು ಜೋಳದ ರೊಟ್ಟಿ ಕೊಡಬೇಕಿತ್ತು. ದೊಡ್ಡಮ್ಮ ಇಷ್ಟು ವರ್ಷ ಉಳಿಸಿಕೊಂಡ ಹೆಸರು ಆ ರೊಟ್ಟಿಗಳ ಮೇಲೆ ನಿಂತಿತ್ತು.

ಸೋಮವಾರ ಅಂಗಡಿಯ ಬಾಗಿಲಿಗೆ ಅರ್ಹತೆಗಳ ಪಟ್ಟಿ ಅಂಟಿಸಿದೆ. ರೊಟ್ಟಿ ತೆಳ್ಳಗಿರಬೇಕು. ದುಂಡಗಿರಬೇಕು. ಹೆಂಚಿನ ಮೇಲೆ ಉಬ್ಬಬೇಕು. ಐದು ವರ್ಷದ ಅನುಭವ ಕಡ್ಡಾಯ!

ಯಾರೂ ಬರಲಿಲ್ಲ.

ಮಂಗಳವಾರ ಅನುಭವವನ್ನು ಹೊಡೆದುಹಾಕಿದೆ. ಸಂಜೆಗೆ ದುಂಡಗಿರುವುದನ್ನು ಬಿಟ್ಟೆ. ಬುಧವಾರ ಉಬ್ಬುವುದೂ ತೆಳ್ಳಗಿರುವುದೂ ಹೋದವು. ಗುರುವಾರ ಪಟ್ಟಿಯಲ್ಲಿ ಉಳಿದದ್ದು ಅಂಗಡಿಯ ವಿಳಾಸ ಮಾತ್ರ.

ಆಗ ಬಂದವರು ಗಂಗಮ್ಮ, ಚನ್ನಗಿರಿ ಕಡೆಯವರು.

“ಮುದ್ದೆ ಎಷ್ಟು ಬೇಕಾದ್ರೂ ಕಟ್ತೀನ್ರೀ. ರೊಟ್ಟಿ ಮಾತ್ರ ಬಡಿಯಾಕೆ ಬರಲ್ಲ.”

ಇಷ್ಟು ಪ್ರಾಮಾಣಿಕ ಅಭ್ಯರ್ಥಿ ಇನ್ನೆಲ್ಲಿ ಸಿಗಬೇಕು?

“ಅದೂ ಹಿಟ್ಟೇ, ಇದೂ ಹಿಟ್ಟೇ. ನಾಳೆ ಬೆಳಿಗ್ಗೆ ಬನ್ನಿ,” ಎಂದೆ.

“ನಿಮಗೆ ಬರ್ತೈತೇನ್ರೀ?”

“ನಾನು ಆಯ್ಕೆ ಮಾಡೋಳು,” ಎಂದು ಗಂಭೀರವಾಗಿ ಉತ್ತರಿಸಿದೆ.

ಶುಕ್ರವಾರ ಬೆಳಿಗ್ಗೆ ಗಂಗಮ್ಮ ಬಡಿದ ಪ್ರತಿ ರೊಟ್ಟಿಯೂ ಹೆಂಚು ತಲುಪುವಷ್ಟರಲ್ಲಿ ಮೂರು ಹೋಳಾಗುತ್ತಿತ್ತು.

“ಹರಿದೋಗ್ತೈತ್ರೀ. ನಿಮ್ ದೊಡ್ಡಮ್ಮಾರನ್ನ ಒಂದ್ ಮಾತು ಕೇಳಾಣೇನು?”

ಕೇಳಿದ್ದರೆ, ಹಿಟ್ಟಿಗೆ ಕುದಿಯುವ ನೀರು ಹಾಕಬೇಕೆಂದು ಮನೆಯಲ್ಲಿ ಮಲಗಿದ್ದ ದೊಡ್ಡಮ್ಮ ಹೇಳುತ್ತಿದ್ದರು. ನನಗೆ ಮರ್ಯಾದೆ ಅಡ್ಡ ಬಂತು. ಹಿಟ್ಟು ಅಂಟಿಕೊಳ್ಳಲೆಂದು ಮೈದಾ ಬೆರೆಸಿದೆ. ಒಂದು ಬೊಗಸೆ. ಆಮೇಲೆ ಇನ್ನೊಂದು. ಆಮೇಲೆ ಡಬ್ಬವನ್ನೇ ಸುರಿದೆ!

ರೊಟ್ಟಿ ಹರಿಯುವುದು ನಿಂತಿತು. ಎಳೆದರೂ ಹರಿಯಲಿಲ್ಲ.

ಮಧ್ಯಾಹ್ನ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಬಿಳಿಚೋಡಿನಿಂದ ಬಂದಿದ್ದ ಅಜ್ಜ ಒಬ್ಬರು ರೊಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದರು. ರೊಟ್ಟಿ ಗೆದ್ದಿತು.

“ಯವ್ವಾ, ಇದನ್ನ ಉಣ್ಣಾಕೆ ಕೊಟ್ಟೀರೋ, ಎಮ್ಮೆ ಕಟ್ಟಾಕೆ ಕೊಟ್ಟೀರೋ?”

ಪಂಕ್ತಿಯೆಲ್ಲ ನಕ್ಕಿತು. ಮನೆಯೊಡತಿ ನಗಲಿಲ್ಲ. “ಯಾರ್ರೀ ಇದನ್ನ ಮಾಡಿದ್ದು?”

ಗಂಗಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಸೆರಗು ಸರಿಮಾಡಿಕೊಂಡು, “ನಾನೇ ರೀ,” ಎಂದರು. ಆಗಲೂ ನಾನು ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಊಟಕ್ಕೆಂದು ಬಂದಿದ್ದ ದೊಡ್ಡಮ್ಮ ಮುಂದೆ ಬಂದರು. ರೊಟ್ಟಿಯನ್ನು ಎಡಗೈಯಲ್ಲಿ ಮುಟ್ಟಿ ನೋಡಿದರು. ನನ್ನನ್ನೂ ಒಮ್ಮೆ ನೋಡಿದರು.

“ಆಯಮ್ಮನ್ನ ಬೈಬ್ಯಾಡ್ರೀ, ತಪ್ಪು ನಂದು. ಕೈ ಮುರ್ಕಂಡು ಕುಂತಿದ್ದೆ, ಬೇರೆ ಯಾರೂ ಸಿಗಲಿಲ್ಲ. ಏನ್ ಮಾಡಾದು, ಇವಳಿದ್ಲು, ಇವಳಿಗೇ ಅಂಗಡಿ ಒಪ್ಪಿಸ್ದೆ.”

ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನನ್ನನ್ನು ನೋಡಿದರು. ದೊಡ್ಡಮ್ಮನನ್ನು ತಕ್ಷಣ ಕ್ಷಮಿಸಿಬಿಟ್ಟರು!