ಎದೆಗೆ ಚೀಲ ಹಿಡಿದ ಕೆಂಪು ಮನುಷ್ಯ

ಸಿಂಧನೂರಿನಲ್ಲಿ ಕಾಲುವೆ ನೀರಿಗಾಗಿ ಅಣ್ಣತಮ್ಮಂದಿರ ತಲೆ ಒಡೆದವರಿದ್ದಾರೆ, ಗೇಣು ಬದುವಿಗಾಗಿ ಕೋರ್ಟು ಹತ್ತಿ ಮುದುಕರಾದವರಿದ್ದಾರೆ. ಆದರೆ ಒಂದು ಬಲ್ಬಿನ ಮೇಲೆ ವರ್ಷಗಟ್ಟಲೆ ಹಗೆ ಸಾಧಿಸಿದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮಾಮಾ ಒಬ್ಬರೇ! ಬಲ್ಬಾದರೂ ಎಂಥದ್ದು? ಕಡಲೆಕಾಳಿನಷ್ಟು. ಅದನ್ನು ಆರಿಸಲಿಕ್ಕೆ ಅವರು ಪಟ್ಟ ಪಾಡು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ನಗು ಮುಗಿದ ಮೇಲೆ ಬರುವುದು ಬೇರೆ. ಅದನ್ನು ಈಗಲೇ ಹೇಳಿ ನಿಮ್ಮ ಮುಖ ಯಾಕೆ ಸಣ್ಣದು ಮಾಡಲಿ?

ಮಾಮಾ ಎಂದರೆ ನನ್ನ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನನ್ನೂ ಮಾಮಾ ಎಂದೇ ಕರೆಯುವುದು. ಸಿಂಧನೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ರೈತರ ಭತ್ತ ಮಾರಿಸುವ ಅಡತಿ ಅಂಗಡಿ, ಬಾಗಿಲ ಚೌಕಟ್ಟಿಗೆ ತಲೆ ಬಡಿಯುವಷ್ಟು ಎತ್ತರ, ಬಿಳಿ ಧೋತರ, ಹಣೆಗೆ ಢಾಳಾಗಿ ವಿಭೂತಿ. ಮಾತು ಕಡಿಮೆ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದನ್ನು ಯಾರೂ ಕಂಡಿಲ್ಲ. ನಾನು, ಅವರ ನಾದಿನಿ, ಲಿಂಗಸುಗೂರಿನಲ್ಲಿ ಕನ್ನಡ ಸಾಲೆಯ ಟೀಚರು, ಮಾತೇ ನನ್ನ ಕಸುಬು. ನಮ್ಮಿಬ್ಬರಿಗೂ ಎಣ್ಣೆ ಸೀಗೆಕಾಯಿ ಸಂಬಂಧ ಎಂದು ಬೇರೆ ಹೇಳಬೇಕೆ?

ಅಕ್ಕ ತೀರಿಹೋಗಿದ್ದು ರಸ್ತೆಯ ಮೇಲೆ. ಮಗಳನ್ನು ರಜೆಗೆಂದು ನನ್ನ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಲಿಂಗಸುಗೂರಿನಿಂದ ಜೀಪಿನಲ್ಲಿ ಹೊರಟಿದ್ದರು. ಮಸ್ಕಿ ದಾಟಿದ ಮೇಲೆ, ಹೊತ್ತು ಮುಳುಗುವಾಗ, ಹಿಂದಿನ ದೀಪವಿಲ್ಲದ ಭತ್ತದ ಲಾರಿಯೊಂದು ರಸ್ತೆಯ ಮೇಲೇ ನಿಂತಿತ್ತು. ಜೀಪು ನಡೆಸುತ್ತಿದ್ದವರು ಮಾಮಾ. ಅವರ ಮೊಣಕೈ ತರಚಿತು. ಪಕ್ಕದಲ್ಲಿ ಕೂತಿದ್ದ ಅಕ್ಕನ ಎದೆಗೆ ಜೀಪಿನ ಮುಂದಿನ ಕಬ್ಬಿಣ ಬಡಿಯಿತು. ಆಸ್ಪತ್ರೆಯ ಕಟ್ಟೆಯ ಮೇಲೆ ಮಾಮಾ ಆ ಮೊಣಕೈಯನ್ನೇ ನೋಡುತ್ತ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆಮೇಲೆ ವರ್ಷಗಟ್ಟಲೆ ಅವರು ಸ್ಟೇರಿಂಗು ಮುಟ್ಟಲಿಲ್ಲ. ಎಲ್ಲಿಗಾದರೂ ಬಸ್ಸು. ಮಗಳನ್ನು ಬಸ್ಸಿನಲ್ಲಿ ನಟ್ಟನಡುವಿನ ಸೀಟಿನಲ್ಲೇ ಕೂಡಿಸುವುದು, ಆ ಸೀಟು ಸಿಗದಿದ್ದರೆ ಮುಂದಿನ ಬಸ್ಸು. ಆ ಹುಡುಗಿ ಕಾಲೇಜು ಮುಗಿಸುವವರೆಗೆ ಜೀಪಿನ, ಕಾರಿನ ಮುಂದಿನ ಸೀಟು ಹೇಗಿರುತ್ತದೆಂದು ಕಂಡವಳಲ್ಲ. ಇಂಥ ಮನುಷ್ಯ ತೊಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಹೈದರಾಬಾದಿಗೆ ಹೋಗಿ ತಾವೇ ನಡೆಸಿಕೊಂಡು ಏನು ತಂದರು ಗೊತ್ತೆ? ರೇಸಿನ ಕಾರು!

ಅರಬರ ದೇಶದಲ್ಲಿ ದುಡಿದು ವಾಪಸಾದ ಯಾರೋ ಒಬ್ಬರು ಜೊತೆಗೆ ತಂದಿದ್ದ ಹಳೇ ಕೆಂಪು ಕಾರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿದಂತೆ ತಗ್ಗು. ನಮ್ಮ ಮಾಮಾ ಅದರೊಳಗೆ ಹೋಗಬೇಕೆಂದರೆ ಮೊದಲು ಧೋತರ, ಆಮೇಲೆ ಮೊಣಕಾಲು, ಕಡೆಗೆ ತಲೆ ಒಳಗೆ ಹೋಗುತ್ತಿತ್ತು. ದೀಪ ಹಾಕಿದರೆ ಮುಂದಿನ ಎರಡು ಕಣ್ಣು ಮೇಲೆದ್ದು ತೆರೆಯಬೇಕು. ತೆರೆಯುತ್ತಿದ್ದುದು ಒಂದೇ. ಬಳಗಾನೂರಿನ ಬಾವಿಕಟ್ಟೆಯ ಹೆಣ್ಣುಮಕ್ಕಳು, "ಸಾಹುಕಾರ್ರು ಶಾಣ್ಯಾರು ಖರೆ, ಅವರ ಗಾಡಿ ಮಾತ್ರ ಕಣ್ಣು ಹೊಡೀತೈತಿ ನೋಡವ್ವಾ" ಎಂದು ಬಿದ್ದು ಬಿದ್ದು ನಕ್ಕಿದ್ದರು.

ಸ್ಟೇರಿಂಗು ಎಡಗಡೆ, ಅದು ಆ ದೇಶದ ರೂಢಿ. ನಮ್ಮವರು ನೋಡುವುದು ಬಲಗಡೆ. ಅಲ್ಲಿ ಯಾರೂ ಇರುತ್ತಿರಲಿಲ್ಲ. ಪಾಮನಕಲ್ಲೂರಿನ ಒಬ್ಬ ಅಜ್ಜಿಯಂತೂ ಕಾರು ತಾನಾಗಿಯೇ ಹೋಗುತ್ತಿದೆ ಎಂದುಕೊಂಡು ಸೆರಗು ಹೊದ್ದು ಕೈಮುಗಿದಳಂತೆ. ಮಾಮಾ ನಗಲಿಲ್ಲ. ಅವರು ನಕ್ಕಿದ್ದನ್ನು ಆ ವರ್ಷಗಳಲ್ಲಿ ನೋಡಿದವರು ಯಾರು?

ಈ ಕಾರಿನ ಮುಂದಿನ ಫಲಕದಲ್ಲಿ ಒಂದು ಕೆಂಪು ದೀಪ ಸದಾ ಉರಿಯುತ್ತಿತ್ತು. ದೀಪದಲ್ಲಿ ಒಂದು ಚಿತ್ರ: ಕೂತ ಮನುಷ್ಯ, ಅವನ ಎದೆಯ ಮುಂದೆ ಒಂದು ಗುಂಡನೆಯ ಉಂಡೆ. ಗಂಜಿನ ಹಮಾಲರೆಲ್ಲ ಬಗ್ಗಿ ನೋಡಿದರು. ಒಬ್ಬ, "ಕಲ್ಲಂಗಡಿ ಹಿಡಕೊಂಡು ಕುಂತಾನ" ಎಂದ. ಇನ್ನೊಬ್ಬ, "ಅಲ್ಲಲೇ, ಊಟ ಹೆಚ್ಚಾಗಿ ಹೊಟ್ಟಿ ಉಬ್ಬೈತಿ" ಎಂದ.

"ಅದು ಗಾಳಿಚೀಲ" ಎಂದರು ಮಾಮಾ. "ಗಾಡಿ ಎಲ್ಲೆರ ಬಡೀತಂದ್ರ ಒಳಗಿಂದ ಚೀಲ ಉಬ್ಬಿ ಬಂದು ಎದಿ ಹಿಡೀತೈತಿ. ಕೀಲಿ ತಿರುವಿದಾಗ ಈ ದೀಪ ಒಮ್ಮೆ ಹತ್ತಿ ಆರಬೇಕು. ಆರಲಿಲ್ಲಂದ್ರ ಚೀಲ ಬರಂಗಿಲ್ಲಂತ ತಿಳಕೊ."

ಅಷ್ಟು ಹೇಳಿ ಇನ್ನೊಂದು ಮಾತು ಸೇರಿಸಿದರು. "ಇದು ಆರೂಮಟಾ ನನ್ನ ಮಗಳು ಈ ಗಾಡಿ ಹತ್ತಂಗಿಲ್ಲ. ಆರಿದ ಮ್ಯಾಲ ಗಂಡನ ಮನಿಗೆ ಹೋಗೂದು ಇದರಾಗ."

ಅಲ್ಲಿಂದ ಶುರುವಾಯಿತು ನೋಡಿ ದೀಪದ ಮೇಲಿನ ದಂಡಯಾತ್ರೆ! ಮೊದಲು ಬಂದವನು ಸಿಂಧನೂರಿನ ಟ್ರ್ಯಾಕ್ಟರ್ ವೈರಿಂಗಿನವನು. ಸುತ್ತ ಒಂದು ಸಲ ತಿರುಗಿ, "ಇಷ್ಟಕ್ಕ ಯಾಕ ತಲಿ ಕೆಡಿಸ್ಕೊಂತೀರಿ? ಬಲ್ಬ್ ಕಿತ್ತಿಬಿಡ್ತೀನಿ, ಆರಿ ಹೋತು" ಎಂದ. ಮಾಮಾನ ಮುಖ ಕೆಂಪಗಾಯಿತು.

"ನಿಮ್ಮ ಮನ್ಯಾಗ ಕೂಸು ಅಳಾಕತ್ತಿದ್ರ ಅದರ ಬಾಯಿ ಕಟ್ಟತೀಯೇನಲೇ? ಹಾಲು ಕುಡಸ್ತೀಯೋ ಇಲ್ಲೋ?"

ಅವನು ಸ್ಕ್ರೂಡ್ರೈವರು ಅಲ್ಲೇ ಬಿಟ್ಟು ಓಡಿದ. ಎರಡನೆಯವನು, "ಬ್ಯಾಟರಿ ಸೋತೈತ್ರಿ, ಅದಕ್ಕ ದೀಪ ಆರವಲ್ದು" ಎಂದು ಹೊಸ ಬ್ಯಾಟರಿ ಹಾಕಿಸಿದ. ಕೀಲಿ ತಿರುವಿದರೆ ಕೆಂಪು ಮನುಷ್ಯ ಮೊದಲಿಗಿಂತ ಝಗಮಗ ಹೊಳೆದ! ಮೂರನೆಯವನು ಸೀಟಿನ ಕೆಳಗೆ ಕೈಹಾಕಿದಾಗ ಸಿಕ್ಕಿದ್ದು ಇಲಿಯ ಸಂಸಾರ. ಭತ್ತದ ಗೋದಾಮಿನ ಪಕ್ಕ ನಿಲ್ಲಿಸಿದ ಗಾಡಿ ತಾನೆ? ವೈರು ಕಡಿದು, ಹುಲ್ಲು ಹಾಸಿ, ಬಾಣಂತನ ನಡೆದಿತ್ತು. ಇಲಿಗಳಿಗೆ ಬೇರೆ ಮನೆ ತೋರಿಸಿ ವೈರು ಜೋಡಿಸಿದರು. ದೀಪ ಉರಿಯುತ್ತಲೇ ಇತ್ತು.

ಇನ್ನು ಉಪದೇಶಿಗಳಿಗೇನು ಕಡಿಮೆ? ವಳಕಮದಿನ್ನಿಯ ರೈತನೊಬ್ಬ ಭತ್ತ ತೂಗಿಸುತ್ತ, "ಚೀಲ ಬರ್ತೈತೋ ಇಲ್ಲೋ ನೋಡಾಕ ಇಷ್ಟ್ಯಾಕ ರೀ? ಜೋರಾಗಿ ಹೋಗಿ ಒಮ್ಮೆ ಗ್ವಾಡಿಗೆ ಹಾಯಿಸಿಬಿಡ್ರಿ, ಗೊತ್ತಾಗ್ತೈತಿ" ಎಂದ. ಎಲ್ಲರೂ ನಕ್ಕರು. ಮಾಮಾ ಎದ್ದು ಒಳಗೆ ಹೋದರು, ಆ ದಿನ ಹೊರಗೆ ಬರಲಿಲ್ಲ. ನಕ್ಕವರಿಗೂ ಆಮೇಲೆ ನಾಲಿಗೆ ಕಹಿಯಾಯಿತು.

ಮೆಕ್ಯಾನಿಕರ ಕೈಲಾಗದ್ದನ್ನು ದೇವರಿಗೆ ಒಪ್ಪಿಸುವುದು ನಮ್ಮ ಮನೆತನದ ರೂಢಿ. ಮೊದಲನೆಯ ಮೆಕ್ಯಾನಿಕ್ ಓಡಿಹೋದ ವಾರದಿಂದಲೇ ಮಾಮಾ ಸೋಮವಾರ ಸೋಮವಾರ ಲಿಂಗಪೂಜೆ ಮುಗಿಸಿ ಅಭಿಷೇಕದ ನೀರು ಹಿಡಿದು ಕಾರಿನ ಬಳಿ ಬರುತ್ತಿದ್ದರು. ಚೀಲ ಇರುವುದು ಸ್ಟೇರಿಂಗಿನ ನಡುವೆ ಅಲ್ಲವೆ? ಅಲ್ಲಿಗೆ ವಿಭೂತಿ, ಅದರ ಮೇಲೆ ಪತ್ರಿ, ಅದರ ಮೇಲೆ ಧಾರಾಳವಾಗಿ ನೀರು. ಅಮಾವಾಸ್ಯೆಗೆ ಹಾಲೂ ಉಂಟು. ಇಷ್ಟು ಸೇವೆ ಮಾಡಿಸಿಕೊಂಡ ಕಾರು ಜಿಲ್ಲೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ. ಇಷ್ಟು ಸೇವೆಗೂ ಕರಗದ ದೀಪವೂ ಇರಲಿಕ್ಕಿಲ್ಲ.

ಹೀಗಿರುವಾಗ ಹುಡುಗಿಗೆ ಸಂಬಂಧ ಕೂಡಿತು. ಕೂಡಿಸಿದವಳು ನಾನೇ. ಲಿಂಗಸುಗೂರಿನ ಅರಿವೆ ಅಂಗಡಿಯವರು, ನಮ್ಮ ಓಣಿಯವರು, ಹುಡುಗ ಒಳ್ಳೆಯವನು. ಅವಳಿಗೂ ಮನಸ್ಸಿತ್ತು. ನಿಶ್ಚಯವಾಯಿತು, ಬೀಗರು ಮುಹೂರ್ತ ಕೇಳಲು ಸಿಂಧನೂರಿಗೆ ಬಂದರು. ಮಾಮಾ ನಿರುಮ್ಮಳವಾಗಿ, "ದೀಪ ಆರಲಿ, ಹೇಳ್ತೀನಿ" ಎಂದುಬಿಟ್ಟರು!

ಬೀಗರು ಪಾಪ, ಮನೆಯಲ್ಲಿ ಯಾವುದೋ ನಂದಾದೀಪವಿರಬೇಕೆಂದು ಸುತ್ತ ನೋಡಿದರು. ನಾನು ನಾಚಿಕೆಯಿಂದ ಕಾರು ತೋರಿಸಿದೆ. ಅವರು ಒಂದು ಸಲ ಸುಮ್ಮನಿದ್ದರು, ಎರಡನೇ ಸಲ ನಕ್ಕರು, ಮೂರನೇ ಸಲ ಬಂದಾಗ ಎದ್ದೇ ನಿಂತರು.

"ಬೀಗರ, ಮುಹೂರ್ತ ಅಯ್ಯನೋರು ನೋಡ್ತಾರೋ, ಮೆಕ್ಯಾನಿಕ್ ನೋಡ್ತಾನೋ? ಈ ಶ್ರಾವಣದಾಗ ಆಗಲಿಲ್ಲಂದ್ರ ನಾವು ಬ್ಯಾರೆ ಹೆಣ್ಣು ನೋಡ್ತೀವಿ. ಟೀಚರ್ರೀ, ನೀವ ತಿಳಿಸಿ ಹೇಳ್ರಿ."

ನಾನೇನು ತಿಳಿಸಲಿ? ಗಂಟಲು ಹರಿಯುವಂತೆ ಕೂಗಾಡಿದೆ. "ಮಾಮಾ, ಅಕ್ಕ ಇದ್ದಿದ್ರ ಹಿಂಗ ಆಗೂದು ನೋಡ್ತಿದ್ದಳೇನ್ರಿ? ಒಂದು ಬಲ್ಬಿನ ಸಲುವಾಗಿ ಹುಡುಗಿ ಬಾಳೆ ಹಾಳು ಮಾಡ್ತೀರೇನು?"

"ಇದ್ದಿದ್ರ ಬಲ್ಬ್ ಯಾಕ ಬೇಕಿತ್ತು?" ಎಂದರು ಮಾಮಾ, ಅಷ್ಟೇ.

ಹುಡುಗಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತ ಅಳುತ್ತಿದ್ದಳು. "ಚಿಗವ್ವ, ಅಪ್ಪಗ ಏನೂ ಅನಬ್ಯಾಡ" ಎಂದಳು. ಆ ಮನೆಯಲ್ಲಿ ಎಲ್ಲರಿಗೂ ದುಃಖವಿತ್ತು, ಯಾರ ಮೇಲೆ ಸಿಟ್ಟು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಬಸ್ಸು ಹತ್ತಿ ದಾರಿಯುದ್ದಕ್ಕೂ ಆ ಕೆಂಪು ಮನುಷ್ಯನಿಗೆ ಶಾಪ ಹಾಕಿದೆ.

ಆ ಬಸ್ಸಿನ ಕಂಡಕ್ಟರೇ ಹೇಳಿದ್ದು, ಮಸ್ಕಿಯಲ್ಲಿ ಒಬ್ಬ ಉಸ್ತಾದರು ಹೊಸದಾಗಿ ಗ್ಯಾರೇಜು ಹಾಕಿದ್ದಾರೆ, ಅರಬರ ದೇಶದಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡಿದವರು ಎಂದು. ಅಲ್ಲೇ ಇಳಿದು ಅವರನ್ನು ಮರುದಿನಕ್ಕೆ ಗೊತ್ತು ಮಾಡಿದೆ. ಉಸ್ತಾದರ ಕೈಗಿಂತ ಬಾಯಿ ಮುಂದೆ. ಮರುದಿನ ನನ್ನ ಜೊತೆ ಗಂಜಿಗೆ ಬಂದವರೇ, ಅರಬ್ ಶೇಖ್‌ಗಳ ಗಾಡಿ, ಶೇಖ್‌ಗಳ ತಮ್ಮಂದಿರ ಗಾಡಿ ಎಂದು ಅರ್ಧ ತಾಸು ಬಡಾಯಿ ಕೊಚ್ಚಿ, ಬ್ಯಾಟರಿಯ ವೈರು ಬಿಚ್ಚಿ, ಚಹಾ ತರಿಸಿ ಕೂತುಬಿಟ್ಟರು.

"ಕೆಲಸ ಮಾಡಾಕ ಬಂದೀರೋ, ಚಾ ಕುಡ್ಯಾಕೋ?" ಎಂದರು ಮಾಮಾ.

"ಸಬೂರ್ ರೀ ಸಾಹುಕಾರ್ರ. ಒಳಗ ಕರೆಂಟ್ ಪೂರಾ ಇಳೀಬೇಕು. ಈಗ ಕೈ ಹಾಕಿದ್ರ ಚೀಲ ನನ್ನ ಮುಖಕ್ಕ ಬರ್ತೈತಿ, ನನ್ನ ಹೆಂಡ್ತಿಗೆ ನೀವು ಜವಾಬು ಹೇಳ್ತೀರೇನು?"

ಚಹಾ ಮುಗಿಸಿ ಸ್ಟೇರಿಂಗಿನ ನಡುವಿನ ಮುಚ್ಚಳ ಬಿಚ್ಚಿದರು. ಬಿಚ್ಚಿದವರು ಹಾಗೇ ಕೂತರು. ಒಳಗೆ ಗಟ್ಟಿಯಾದ ವಿಭೂತಿಯ ಗಾರೆ, ಒಣಗಿದ ಪತ್ರಿ, ಹುಳಿತ ಹಾಲಿನ ವಾಸನೆ, ವೈರಿನ ಕೊಂಡಿಗಳಿಗೆಲ್ಲ ಹಸಿರು ಕಿಲುಬು.

"ಯಾ ಅಲ್ಲಾ! ಸಾಹುಕಾರ್ರ, ಇದು ಸ್ಟೇರಿಂಗ್ ಐತೋ, ಗುಡಿ ಐತೋ? ಇಲಿ ಕಡದಿದ್ದ ವೈರ್ ಕೂಡಿಸಿದಾಗಲೇ ದೀಪ ಆರಬೇಕಿತ್ತು. ಅಷ್ಟರಾಗ ನೀವು ಪೂಜಿ ಮಾಡಿ ಮಾಡಿ ಕೊಂಡಿಗೆ ಕಿಲುಬು ಹಿಡಿಸೀರಿ! ಗಾಡಿಗೆ ಏನೂ ಆಗಿಲ್ಲ, ನಿಮ್ಮ ಭಕ್ತಿ ಜಾಸ್ತಿ ಆಗೈತಿ."

ಸುತ್ತ ನಿಂತ ಹಮಾಲರು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ. ಮಾಮಾ ಮಾತ್ರ, ಮಾಡಿದ ಪೂಜೆಯೇ ಮುಳುವಾದದ್ದನ್ನು ಕಣ್ಣು ಪಿಳುಕಿಸದೆ ನೋಡುತ್ತಿದ್ದರು. ಉಸ್ತಾದರು ಕಿಲುಬು ತಿಕ್ಕಿ, ಕೆಟ್ಟ ಕೊಂಡಿ ಬದಲಿಸಿ, ಎಲ್ಲ ಮೊದಲಿನಂತೆ ಕೂಡಿಸಿದರು. ಕೀಲಿ ತಿರುವಿದರು. ಕೆಂಪು ಮನುಷ್ಯ ಎದ್ದ, ನಮ್ಮನ್ನೆಲ್ಲ ಒಮ್ಮೆ ನೋಡಿದ, ಆರಿಹೋದ.

ಮಾಮಾ ಬಗ್ಗಿ, ದೀಪವಿದ್ದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿದರು.

ಉಸ್ತಾದರಿಗೆ ಸುಮ್ಮನಿರಲು ಬರುತ್ತದೆಯೆ? "ಒಂದು ಮಾತು ತಿಳೀಲಿ. ಹಳೇ ಗಾಡಿ ಇದು. ಚೀಲ ಇರೂದು ಸ್ಟೇರಿಂಗ್ ಒಳಗ ಒಂದ. ಬಾಜೂಕ ಕುಂದ್ರೋರಿಗೆ ಚೀಲ ಇಲ್ಲ" ಎಂದರು.

ಇಷ್ಟು ವರ್ಷ, ಇಷ್ಟು ರಗಳೆ, ಬೀಗರ ಕೈಲಿ ಇಷ್ಟು ಮಾತು, ಇದೆಲ್ಲ ಗಾಡಿ ನಡೆಸುವವರ ಎದೆಯೊಂದನ್ನೇ ಕಾಯಲಿಕ್ಕೆ? "ಹಂಗಾರ ಹುಡುಗಿಗೆ ಏನೈತ್ರಿ ಮಾಮಾ?" ಎಂದು ಕೂಗಿದೆ.

"ಗೊತ್ತೈತಿ" ಎಂದರು ಮಾಮಾ. "ಅದಕ್ಕ ಇದನ್ನ ತಂದೀನಿ."

ಮಗಳನ್ನು ಕರೆದರು. ಎಡಗಡೆಯ ಬಾಗಿಲು, ಸ್ಟೇರಿಂಗಿನ ಕಡೆಯದು, ತೆರೆದು ಹಿಡಿದರು. "ಬಾರವ್ವ, ಕುಂದ್ರು."

"ಅಪ್ಪಾ, ನನಗ ಗಾಡಿ ಹೊಡ್ಯಾಕ ಬರಂಗಿಲ್ಲ."

"ಕಲಿಸ್ತೀನಿ. ನಿಮ್ಮವ್ವ ಕುಂತಿದ್ದು ಈ ಕಡಿ. ನೀನೂ ಈ ಕಡಿ ಕುಂದ್ರು, ಇಲ್ಲಿ ಚೀಲ ಐತಿ."

ತಾವು ಸುತ್ತಿ ಬಂದು ಬಲಗಡೆ ಕೂತರು. ಆವತ್ತು ಜೀಪಿನಲ್ಲಿ ಅವರು ಕೂತಿದ್ದ ಕಡೆ. ಅಲ್ಲಿ ಚೀಲ ಇರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ, ಗೋದಾಮಿನ ಹಿಂದೆ ಹೋಗಿ ನಿಂತೆ.

ಗಂಜಿನಲ್ಲಿ ಭತ್ತದ ರಾಶಿಗಳ ನಡುವೆ ಅವಳು ಗಾಡಿ ಕಲಿತಳು. ಎಷ್ಟು ರಾಶಿ ಚೆಲ್ಲಿದಳೆಂದು ಕೇಳಬೇಡಿ! ಶ್ರಾವಣದಲ್ಲೇ ಮದುವೆಯಾಯಿತು. ಗಂಡನ ಮನೆಗೆ ಹೊರಟಾಗ ಅಳಬೇಕಾದ ಮದುಮಗಳು ಬಾಸಿಂಗ ಬಿಚ್ಚಿ ನನ್ನ ಕೈಗೆ ಕೊಟ್ಟು ಗೇರು ಹುಡುಕುತ್ತಿದ್ದಳು. ಪಕ್ಕದಲ್ಲಿ ಅಪ್ಪ. ಇರುವುದೇ ಎರಡು ಸೀಟು, ಮದುಮಗ ಎಲ್ಲಿ? ನಮ್ಮ ಟೆಂಪೋದಲ್ಲಿ, ಬುತ್ತಿಯ ಬುಟ್ಟಿ ಮತ್ತು ಸಿಟ್ಟಿಗೆದ್ದ ಬೀಗರ ನಡುವೆ! "ನನ್ನ ಮದಿವಿ ಆಗಿದ್ದು ಖರೇನ ಹೌದಲ್ರೀ ಟೀಚರ?" ಎಂದು ಪಾಪ ಕೇಳುತ್ತಿದ್ದ.

ಮಸ್ಕಿ ಇನ್ನೂ ಬಂದಿರಲಿಲ್ಲ, ಮುಂದಿನ ಕಾರು ಮೆಲ್ಲಗಾಯಿತು. ಎತ್ತಿನ ಬಂಡಿಯೊಂದು ಅದನ್ನು ದಾಟಿ ಹೋಯಿತು. ದೀಪ ಮತ್ತೆ ಹತ್ತಿತೇನೋ ಎಂದು ಬೀಗರು ಹಣೆ ಚಚ್ಚಿಕೊಂಡರು. ಆವತ್ತು ಲಾರಿ ನಿಂತಿದ್ದ ಜಾಗ ಅದು ಎಂದು ನಾನು ಗುರುತಿಸಿದೆ. ಸ್ವಲ್ಪ ದೂರ ಹಾಗೇ ನಡೆದು ಕಾರು ಮತ್ತೆ ಚುರುಕಾಯಿತು.

ಲಿಂಗಸುಗೂರಿನಲ್ಲಿ ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಡುವಷ್ಟರಲ್ಲಿ ಹುಡುಗಿ ನನ್ನ ಕಿವಿಯಲ್ಲಿ ಹೇಳಿದಳು.

"ಚಿಗವ್ವ, ಅಲ್ಲಿ ಬಂದ ಕೂಡ್ಲೆ ಅಪ್ಪ ನನ್ನ ಎದಿಗೆ ಕೈ ಅಡ್ಡ ಹಿಡದಾ. ದೀಪ ಆರೈತಲ್ಲಪ್ಪಾ, ಚೀಲ ಐತಲ್ಲ, ಯಾಕ ಅಂದೆ."

"ಏನಂದ್ರು?"

"'ಅವತ್ತು ಹಿಡೀಲಿಲ್ಲವ್ವಾ' ಅಂದ."

ಮಾಮಾ ಅಂಗಳದಲ್ಲಿ ಕಾರಿಗೆ ಒರಗಿ ನಿಂತಿದ್ದರು. ಬೀಗರು ಒಳಗೆ ಬನ್ನಿ ಎಂದು ಕರೆಯುತ್ತಿದ್ದರು. ಅವರಿಗೆ ಕೇಳಿಸಲಿಲ್ಲ, ಮೊಣಕೈಯನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದರು.