ಹಸಿದ ಕೌದಿ

ವೀರವ್ವ ಕೋಂ ಕರಬಸಪ್ಪ ತೋಟದ. ವಯಸ್ಸು ಅರವತ್ತೆಂಟು, ಅವರನ್ನೇ ಕೇಳಿದರೆ ಅರವತ್ತು. (ನಡುವಿನ ಎಂಟು ವರ್ಷ ಸೊಸೆಯಂದಿರ ಕಾಟದಲ್ಲಿ ಹೋದುದರಿಂದ ಅವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಂತೆ.) ಊರು ಹಿರೇಕೆರೂರು ತಾಲೂಕಿನ ಮಾಸೂರು. ಯಜಮಾನರು ತೀರಿಕೊಂಡಿದ್ದಾರೆ. ಇಬ್ಬರು ಗಂಡುಮಕ್ಕಳು ಮದಗದ ಕೆರೆಯ ಕೆಳಗೆ ಭತ್ತ ಬೆಳೆಯುತ್ತಾರೆ. ನಮ್ಮವರಿಗೆ ತಂದೆಯ ಒಡಹುಟ್ಟಿದವರು, ಎಂದರೆ ಸೋದರತ್ತೆ. ಆ ಸಂಬಂಧದಿಂದ ನನಗೆ ಅತ್ತೆಗಿಂತ ಒಂದು ಮೆಟ್ಟಿಲು ಮೇಲಿನ ಅತ್ತೆ.

ಹೆಸರು, ವಯಸ್ಸು, ಬಳಗ ಎಂದು ಆರಂಭಿಸಿದ ಮಾತ್ರಕ್ಕೆ ಅವರು ಶಿವಾಧೀನರಾದರೆಂದು ಓದುಗರು ಮರುಗಬೇಕಾಗಿಲ್ಲ. ಗಟ್ಟಿಮುಟ್ಟಾಗಿದ್ದಾರೆ. ಹಾನಗಲ್ಲಿನ ನಮ್ಮ ಮನೆಯಿಂದ ಹೋಗಿದ್ದಾರೆ, ಅಷ್ಟೆ. ಅವರ ಬಂಡಿ ತಿರುವಿನಲ್ಲಿ ಮರೆಯಾದಾಗ ನಾನು ಬಿಟ್ಟ ಉಸಿರು ನೆರೆಮನೆಯ ಮರಿಯಮಬಿಗೆ ಕೇಳಿಸಿ, ಆಕೆ ಗಾಳಿ ಎದ್ದಿತೆಂದು ಒಣಹಾಕಿದ ಮೆಣಸಿನಕಾಯಿಯನ್ನು ಒಳಗೆ ತೆಗೆದುಕೊಂಡಳು.

ಬಟ್ಟೆಗೆ ಕಂಟ್ರೋಲು ಬಂದ ವರ್ಷ. ಯುದ್ಧ ಎಲ್ಲಿಯೋ ನಡೆದಿತ್ತು. ಅದರ ಬಿಸಿ ನಮ್ಮ ಟ್ರಂಕಿನವರೆಗೂ ಬಂದಿತ್ತು. ಅಂಥ ಹೊತ್ತಿನಲ್ಲಿ ನಮ್ಮ ಏಕಮಾತ್ರ ಪುತ್ರಿ ಸರೋಜವ್ವ ಚೊಚ್ಚಲ ಬಸುರಿಯಾಗಿ ರಟ್ಟೀಹಳ್ಳಿಯ ಅತ್ತೆಮನೆಯಲ್ಲಿದ್ದಳು. ಮೊದಲ ಹೆರಿಗೆ ತವರಿನಲ್ಲಿಯೇ ಆಗಬೇಕು. ಕರೆತರುವ ಮೊದಲು ಹಳೆಯ ಅರಿವೆಗಳನ್ನು ಜೋಡಿಸಿ ಹೊಲಿದ ತೊಟ್ಟಿಲಿನ ಕೌದಿ ಸಿದ್ಧವಿರಬೇಕು. ಅರ್ಧ ಹೊಲಿದು ಸೂಜಿ ಚುಚ್ಚಿಟ್ಟ ಕೌದಿಯಿರುವ ಮನೆಯ ಹೊಸ್ತಿಲನ್ನು ಬಸುರಿ ದಾಟಬಾರದು. ಬೀಗತಿಯಂತೂ ಹೇಳಿಕಳಿಸಿದ್ದಳು: "ಅಮಾಸಿ ಒಳಗ ಕರಕೊಂಡ ಹೋದ್ರ ಹೋದ್ರಿ. ಇಲ್ಲಂದ್ರ ಬಾಣಂತನ ನಾವ ಮಾಡ್ತೇವಿ."

ತಾಯಿಯಾದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇರೆ ಇಲ್ಲ.

ಕೌದಿಯನ್ನು ನಾನೇ ಹೊಲಿಯುವವಳಿದ್ದೆ. ಮೂವತ್ತು ದಾಟಿದ ಮೇಲೆ ಸಂಜೆಯ ಸಾಲೆಗೆ ಹೋಗಿ ಅಕ್ಷರ ಕಲಿತವಳು ನಾನು. ಅಕ್ಷರದೊಡನೆ ನವೀನ ಕಸೂತಿಯನ್ನೂ ಕಲಿತೆ. ಕಿಟಕಿಯ ಪರದೆಗೆ ತಾವರೆ, ತಲೆದಿಂಬಿಗೆ ಗುಲಾಬಿ, ಮೇಜಿನ ಹಾಸುಬಟ್ಟೆಗೆ ಜೋಡಿ ಹಂಸಗಳನ್ನು ಬಿಡಿಸಿದ್ದೆ. (ಮೇಜು ಇನ್ನೂ ಬಂದಿರಲಿಲ್ಲ. ಹಾಸು ಸಿದ್ಧವಿದ್ದರೆ ಮೇಜಿಗೆ ಬರಲು ಸಂಕೋಚವಿರುವುದಿಲ್ಲ ಎಂಬುದು ನನ್ನ ಸಿದ್ಧಾಂತ.) ಅಷ್ಟರಲ್ಲಿ ಸೋದರತ್ತೆಯವರು ಸೂಜಿದಾರಗಳೊಡನೆ ಬಂದಿಳಿದರು. ಪಡಸಾಲೆಯ ನಟ್ಟನಡುವೆ ಕಾಲು ಚಾಚಿ ಕುಳಿತು, ಮೊದಲು ನನ್ನ ಕಲಾಕೃತಿಗಳನ್ನು ತರಿಸಿಕೊಂಡರು.

"ಇದನ್ನ ಯಾರಿಗೆ ಹೊಚ್ಚೂದು?"

"ಮೇಜಿಗ್ರಿ, ಅತ್ತ್ಯಾರ."

"ಮೇಜಿಗೆ ಥಂಡಿ ಆಗತೈತೇನು?"

ಅವರು ಹಾಸನ್ನು ಕಣ್ಣಿನ ಹತ್ತಿರ ಹಿಡಿದರು.

"ಈ ಬಾತುಕೋಳಿ ಯಾಕ ಮಾರಿ ತಿರುವ್ಯಾವು?"

"ಅವು ಹಂಸ್ರಿ."

"ಹಂಗ ಅಂತ ಅವಕ್ಕ ಗೊತ್ತೈತೇನು?" ಎಂದು ಹಾಸನ್ನು ಮಗುಚಿ ಬೆನ್ನು ನೋಡಿದರು. ಮಾಸೂರಿನ ಕಡೆಯ ಹಳೆಯ ಕಸೂತಿಗೆ ಗಂಟು ಹಾಕುವುದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ ಕಾಣಬೇಕು. ನನ್ನ ನವೀನ ಕಸೂತಿಯ ಬೆನ್ನು ನೋಡಲೆಂದು ಮಾಡಿದ್ದಲ್ಲ. ಅವರು ಬಹಳ ಹೊತ್ತು ನೋಡಿ, "ಹಂಸ ಮುಂದ ಅದಾವು. ಹಿಂದ ಕಾಗಿ ಗೂಡು ಕಟ್ಯಾವು," ಎಂದು ಮಡಿಚಿಟ್ಟರು. ಕೌದಿಯ ಸೂಜಿ ಅಂದಿನಿಂದ ಅವರ ಕೈಯಲ್ಲಿ ಉಳಿಯಿತು. ನಾನು ಹಾಕಿದ ಒಂದೆರಡು ಸಾಲುಗಳನ್ನು ಅವರು ಮಾತನಾಡುತ್ತಲೇ ಬಿಚ್ಚಿಬಿಟ್ಟರು.

ಅಡ್ಡಿಯಿಲ್ಲ ಎಂದುಕೊಂಡೆ. ಕೌದಿಯಾದರೆ ಸಾಕು, ಸರೋಜವ್ವ ಬರುತ್ತಾಳೆ, ಇವರು ಹೋಗುತ್ತಾರೆ. ಅವರ ಕೈ ಚುರುಕು. ನೋಡುನೋಡುತ್ತಿದ್ದಂತೆ ಮೂರು ಮೂಲೆಗಳು ಮುಚ್ಚಿದವು. ಉಳಿದದ್ದು ನಾಲ್ಕನೆಯ ಮೂಲೆ.

ನಮ್ಮ ಕಡೆಯ ಕೌದಿ ಉಣ್ಣದೆ ಮುಗಿಯುವುದಿಲ್ಲ. ಕೊನೆಯ ಮೂಲೆಯಲ್ಲಿ ಹೋಳಿಗೆಯ ಒಂದು ಚೂರನ್ನಿಟ್ಟು ಹೊಲಿಯುತ್ತಾರೆ. ಉಂಡ ಕೌದಿಯನ್ನು ಹೊದ್ದ ಮಗು ಹಸಿದು ಅಳುವುದಿಲ್ಲ. ನನ್ನ ತವರಾದ ಸವಣೂರಿನಲ್ಲಿ ಇದರ ಕ್ರಮ ಹೀಗಿದೆ: ಹೊಲಿಯುವ ಹಿರಿಯಳು "ಕೌದಿಗೆ ಹಸಿವ್ಯಾಗೇತಿ" ಎನ್ನಬೇಕು, ಆಗ ಮನೆಯಾಕೆ ಹೋಳಿಗೆ ತರಬೇಕು. ಕೇಳದೆ ತಂದರೆ "ಹೊಲಿದದ್ದು ಸಾಕು, ಎದ್ದು ನಡೆಯಿರಿ" ಎಂದು ಹಿರಿಯರ ಮುಖಕ್ಕೆ ಹೇಳಿದಂತೆ. ಅದನ್ನು ಹೇಳಬೇಕೆಂಬ ಆಸೆ ನನಗೆ ಎಷ್ಟೇ ಇದ್ದರೂ ಸವಣೂರಿನವರು ಅಷ್ಟು ಅಗ್ಗವಾಗಿ ಹೇಳುವವರಲ್ಲ. ನಾನು ಕಡಲೆಬೇಳೆ ನೆನೆಯಿಟ್ಟು ಕಾದೆ.

ಸೋದರತ್ತೆಯವರು ಕೇಳಲಿಲ್ಲ. ನಾಲ್ಕನೆಯ ಮೂಲೆಯನ್ನು ತೆರೆದಿಟ್ಟು, ಒಮ್ಮೆ ನನ್ನ ಕಡೆಗೆ ನೋಡಿ, ಒಮ್ಮೆ ಅಡುಗೆಮನೆಯ ಕಡೆಗೆ ನೋಡಿ, ನಿಟ್ಟುಸಿರು ಬಿಟ್ಟು, ಕೌದಿಯ ಸುತ್ತ ಇನ್ನೊಂದು ಅಂಚು ಜೋಡಿಸಲು ಹತ್ತಿದರು. ಅದು ಮುಗಿದ ಮೇಲೆ ಮತ್ತೆ ನೋಟ, ಮತ್ತೆ ನಿಟ್ಟುಸಿರು, ಮತ್ತೊಂದು ಅಂಚು. ನೆನೆಯಿಟ್ಟ ಬೇಳೆ ದಿನವೂ ಸಾರಾಯಿತು. ಕೌದಿ ತೊಟ್ಟಿಲನ್ನು ದಾಟಿತು, ಮಂಚವನ್ನು ದಾಟಿತು, ಸಾಮ್ರಾಜ್ಯ ವಿಸ್ತಾರಕ್ಕೆ ಹೊರಟ ಚಕ್ರವರ್ತಿಯಂತೆ ಪಡಸಾಲೆಯ ಎರಡು ಕಂಬಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅರಿವೆ ಎಲ್ಲಿಂದ ಬರಬೇಕು? ಕಂಟ್ರೋಲಿನ ಅಂಗಡಿಯಲ್ಲಿ ಹೊಸದಿಲ್ಲ. ನನ್ನ ಹಳೆಯ ಇಳಕಲ್ ಸೀರೆ ಹೋಯಿತು. ತಾವರೆಯ ಪರದೆ ಹೋಯಿತು. ಕೊನೆಗೆ ಹಂಸಗಳೂ ಹೋದವು. ("ಥಂಡಿ ಆಗೂ ಜೀವಕ್ಕರ ಬರ್ಲಿ," ಎಂದು ಅವುಗಳ ಕುತ್ತಿಗೆಯ ಮೇಲೆಯೇ ಕತ್ತರಿ ಓಡಿಸಿದರು.) ಆಮೇಲೆ ನಮ್ಮವರ ಸರದಿ.

"ಅಲ್ಲಾ, ನನ್ನ ಧೋತರ ಎಲ್ಲೈತಿ?"

"ಕೌದಿಯೊಳಗೈತ್ರಿ. ಬಾಗಲ ಕಡಿ ಅಂಚಿನ್ಯಾಗ."

"ಇನ್ನೊಂದು?"

"ಅದು ಕಿಡಕಿ ಕಡಿ."

"ಹಂಗಾದ್ರ ಅಂಗಡಿಗೆ ಕೌದಿ ಉಟಗೊಂಡ ಹೋಗ್ಲೇನು? ಅತ್ತಿಗೆ ಸಾಕು ಅನಬಾರದೇನು ನೀ?"

"ನಿಮ್ಮ ಅತ್ತಿ. ನೀವ ಅನ್ರಿ."

ನಮ್ಮವರು ಕಾಳುಕಡಿಯ ವ್ಯಾಪಾರಿಗಳು. ತಕ್ಕಡಿ ಹಿಡಿದರೆ ಸಿಂಹ. ಸೋದರತ್ತೆಯ ಮುಂದೆ ನಿಂತರೆ ತಕ್ಕಡಿಯ ಮುಳ್ಳು. ಆದರೂ ಹೋಗಿ, ಕೆಮ್ಮಿ, "ಕೌದಿ ಎಲ್ಲಿಗೆ ಬಂತತ್ತಿ?" ಎಂದರು.

"ನನ್ನೇನ ಕೇಳ್ತಿಯೋ? ನಿನ್ನ ಹೆಣತಿ ಸಾಲಿ ಕಲತಾಕಿ. ಆಕಿಗೆ ಎಲ್ಲಾ ಗೊತ್ತೈತಿ."

ಅವರು ಬಂದು ಇದನ್ನು ನನಗೆ ಒಪ್ಪಿಸಿದರು. ಆ ಮುದುಕಿಯ ಬಾಯಿಂದ ಕೊನೆಗೂ ಒಂದು ಸತ್ಯ ಹೊರಬಿತ್ತೆಂದು ನನಗೆ ಸಮಾಧಾನವಾಯಿತು. ಆ ದಿನ ಸೋದರತ್ತೆಯವರ ರೊಟ್ಟಿಗೆ ಬೆಣ್ಣೆಯನ್ನು ಸ್ವಲ್ಪ ಹೆಚ್ಚಾಗಿಯೇ ಹಾಕಿದೆ. ಅವರು ಬೆಣ್ಣೆಯನ್ನೂ ನೋಡಿದರು, ನನ್ನನ್ನೂ ನೋಡಿದರು, ರೊಟ್ಟಿ ತಿಂದು ಹೊಸ ಅಂಚು ಹಿಡಿದರು.

ಅಮಾವಾಸ್ಯೆ ಹತ್ತಿರ ಬಂತು. ಅನ್ನ ಸೇರದಾಯಿತು. ಮಗಳು ಬೀಗತಿಯ ಕೋಣೆಯಲ್ಲಿ ಹೆರುವುದು, ಬೀಗತಿ ಎಣ್ಣೆ ಹಚ್ಚಿ ಎರೆಯುವುದು, ನಾನು ನೆಂಟಳಂತೆ ಸಕ್ಕರೆ ಪೊಟ್ಟಣ ಹಿಡಿದು ಹೋಗಿ ಮೊಮ್ಮಗುವನ್ನು ನೋಡಿ ಬರುವುದು: ಒಗ್ಗರಣೆ ಹಾಕುವಾಗಲೂ ಇದೇ ಕಣ್ಣಿಗೆ ಕಟ್ಟುತ್ತಿತ್ತು. ಎರಡು ಸಾರಿ ಸಾಸಿವೆ ಸೀದಿತು.

ಅಮಾವಾಸ್ಯೆಯ ಹಿಂದಿನ ದಿನ, ಬಿಸಿಲೇರುವ ಹೊತ್ತಿಗೆ, ಬಾಗಿಲ ಮುಂದೆ ಬಂಡಿ ನಿಂತಿತು. ನನ್ನ ಮಗಳು ಕರೆಯದೆ ತಾನೇ ಬಂದಿದ್ದಳು. ಹಿಂದಿನ ದಿನ ರಟ್ಟೀಹಳ್ಳಿ ಬಿಟ್ಟು, ಆಡೂರಿನಲ್ಲಿ ಬಳಗದವರ ಮನೆಯಲ್ಲಿ ತಂಗಿ, ಆಳು ಭರಮಪ್ಪನ ಕೈಹಿಡಿದು ಇಳಿದಳು. ನಾನು ಓಡಿದೆ. ಒಳಗಿನಿಂದ ಸೋದರತ್ತೆಯವರ ಧ್ವನಿ ನನ್ನನ್ನು ದಾಟಿ ಹೋಯಿತು.

"ಹೊಸ್ತಲಾ ದಾಟಬ್ಯಾಡವಾ ಸರೋಜಿ. ಕೌದಿ ಮುಗದಿಲ್ಲ."

ಸರೋಜವ್ವ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಮುಖ ಬಾಡಿತ್ತು. ಮರಿಯಮಬಿ ನೀರು ತಂದಳು. ಓಣಿಯವರು ಒಬ್ಬೊಬ್ಬರಾಗಿ, ಏನೋ ಕೆಲಸವಿದ್ದವರಂತೆ, ನಮ್ಮ ಮನೆಯ ಮುಂದೆ ಹಾದುಹೋಗತೊಡಗಿದರು. ಹೋದವರೇ ತಿರುಗಿ ಬಂದರು.

"ಏನ ಬಾಕಿ ಐತಿ ಕೌದಿದು?" ಮಗಳು ಕೇಳಿದಳು.

"ಏನೂ ಬಾಕಿ ಇಲ್ಲವಾ," ಸೋದರತ್ತೆಯವರು ಒಳಗಿನಿಂದ ಹೇಳಿದರು. "ಮುಗದು ಯಾವ ಕಾಲಾತು. ಉಣಸೂದ ಒಂದ ಐತಿ. ನಿಮ್ಮವ್ವ ಹೋಳಿಗಿ ತರವಲ್ಲಳು."

"ಅತ್ತ್ಯಾರು ಕೇಳಲಿಲ್ಲ," ಎಂದೆ.

"ನಾ ಕೇಳೂದೇನು? ಸೂಜಿ ಹಿಡದಾಕಿ ಬಾಯಿಬಿಟ್ಟ ಕೇಳಿದ್ರ ಭಿಕ್ಷಾ ಬೇಡಿದಂಗ. ಮನಿಯಾಕಿ ತಾನ ತರಬೇಕು, ಆಮ್ಯಾಲೆ ಹೊಲಿಯಾಕಿ ಕೈ ಬಿಡಬೇಕು. ಮಾಸೂರಾಗ ಸಣ್ಣ ಹುಡುಗೂರಿಗೆ ಗೊತ್ತೈತಿ ಇದು."

"ಸವಣೂರಾಗ ಕೇಳದ ತಂದ್ರ ಹಿರೇರನ್ನ ಹೊರಗ ಹಾಕಿದಂಗ್ರಿ."

"ಮತ್ತ ನಾ ಹೋಗೂದು ಹ್ಯಾಂಗ? ಅಲ್ಲಿ ಸೊಸಿಗೋಳು ಮನಿ ಏನ ಮಾಡ್ಯಾರೋ ಅಂತ ನನ್ನ ಜೀವ ಹೊಯ್ದಾಡಾಕತ್ತೇತಿ. ಈಕಿ ಇವತ್ತ ತರ್ತಾಳ, ನಾಳೆ ತರ್ತಾಳ ಅಂತ ಅಂಚು ಹಚ್ಚಿ ಹಚ್ಚಿ ನನ್ನ ಕೈಬೆರಳ ತೂತ ಬಿದ್ದಾವು."

ಓಣಿಯಲ್ಲಿ ಹಾದುಹೋಗುವವರು ಹಾದುಹೋಗುವುದನ್ನು ಬಿಟ್ಟು ನಿಂತೇಬಿಟ್ಟರು. ನಮ್ಮವರು ತಮ್ಮ ಉಳಿದ ಏಕೈಕ ಧೋತರದಲ್ಲಿ ಕಂಬದ ಹಿಂದೆ ಮರೆಯಾದರು. ಸರೋಜವ್ವ ನನ್ನನ್ನು ನೋಡಿದಳು, ಒಳಗೆ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡಳು. ನಾನು ಸೂಲಗಿತ್ತಿಗೆ ಹೇಳಿಕಳಿಸಲು ಬಾಯಿ ತೆರೆದೆ. ಆಕೆ ನಗುತ್ತಿದ್ದಳು.

"ತಡಿಯವಾ," ಎಂದೆ, "ಈಗ ಬ್ಯಾಳಿ ಕುದಿಸ್ತೇನಿ. ಊರಣ ರುಬ್ಬಿ—"

"ನಿನ್ನ ಬ್ಯಾಳಿ ಕುದಿಯೂದ್ರಾಗ ಕೂಸು ಈ ಕಟ್ಟಿ ಮ್ಯಾಲ ಹುಟ್ಟತೈತಿ. ಬುತ್ತಿಯೊಳಗ ಹೋಳಿಗಿ ಅದಾವು. ನಮ್ಮತ್ತಿ ಕಟ್ಟಿ ಕೊಟ್ಟಾರ."

ಓದುಗರೇ, ಬೀಗತಿಯ ಹೋಳಿಗೆ. ನನ್ನ ಮನೆಯ ಕೌದಿ, ನನ್ನ ಮಗಳ ಚೊಚ್ಚಲ, ಮೊದಲ ತುತ್ತು ರಟ್ಟೀಹಳ್ಳಿಯವರ ಒಲೆಯದು. "ಅದೊಂದು ಬ್ಯಾಡವಾ," ಎಂದು ನಾನು ಹೇಳಿದ್ದು ನಿಜ. ಆದರೆ ಆಕೆಯ ಊದಿದ ಕಾಲುಗಳು ಕಟ್ಟೆಯಿಂದ ಜೋತುಬಿದ್ದಿದ್ದವು. ನಾನೇ ಬುತ್ತಿಯ ಗಂಟು ಬಿಚ್ಚಿದೆ, ನಾನೇ ಚೂರು ಮುರಿದೆ. ಕೌದಿಯನ್ನು ಹೊರಗೆ ತರಬೇಕಾಗಲಿಲ್ಲ. ಅದರ ನಾಲ್ಕನೆಯ ಮೂಲೆ ಹೊಸ್ತಿಲಿನವರೆಗೆ ತಾನಾಗಿಯೇ ಬೆಳೆದುಬಂದಿತ್ತು. ಸೋದರತ್ತೆಯವರು ಒಳಗೆ ಕುಳಿತು, ನಾನು ಹೊರಗೆ ಕುಳಿತು, ಒಂದೇ ಮೂಲೆಯನ್ನು ಹಿಡಿದೆವು. ಅವರು ಮುಚ್ಚಿ ಹೊಲಿದು ದಾರ ಕಡಿದು, "ಬಾರವಾ," ಎಂದರು.

ಮಗಳು ಬಲಗಾಲಿಟ್ಟು ಒಳಗೆ ಬಂದಳು. ನನಗೆ ಆ ಕ್ಷಣಕ್ಕೆ ಸವಣೂರು, ಮಾಸೂರು, ರಟ್ಟೀಹಳ್ಳಿ ಎಲ್ಲ ಒಂದೇ ಆದವು. (ಮರುದಿನ ಮತ್ತೆ ಬೇರೆಯಾದವು.)

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ಬೀಗತಿ ನೋಡಲು ಬಂದು, ತೊಟ್ಟಿಲಿಗಿಂತ ಮೊದಲು ಕೌದಿಯ ಮೂಲೆಯನ್ನು ಮುಟ್ಟಿ, "ನಮ್ಮ ಮನಿ ಹೋಳಿಗಿನ ಬೇಕಾತು ನೋಡ್ರಿ ಇದಕ್ಕ," ಎಂದಳು. ಸೋದರತ್ತೆಯವರು ಸೂಜಿಗೆ ದಾರ ಪೋಣಿಸುತ್ತ, "ಉಪ್ಪ ಕಮ್ಮಿ ಆಗಿತ್ತಂತವಾ, ಕೌದಿ ಅಂತಿತ್ತು," ಎಂದರು. ಅವರನ್ನು ಇನ್ನೊಂದು ವಾರ ಇಟ್ಟುಕೊಳ್ಳಬಹುದೆಂದು ನನಗೆ ಆ ಒಂದು ಗಳಿಗೆ ಅನ್ನಿಸಿತು. ಹೆಸರಿಡುವುದು ಮುಗಿದ ಮೇಲೆ ಅವರು ಹೊರಟರು. ಹೊರಡುವಾಗ, ಅವರು ಕೇಳದೆಯೇ ನಾನು ಅವರ ಗಂಟಿಗೆ ಹೋಳಿಗೆ ಕಟ್ಟಿದೆ. ಅವರೂ ಯಾಕೆಂದು ಕೇಳದೆಯೇ ತೆಗೆದುಕೊಂಡರು.

ಸೌಭಾಗ್ಯವತಿ ಅಲ್ಲದಿದ್ದರೂ ಚಿರಂಜೀವಿಯಾದ ವೀರವ್ವನವರು ನಮ್ಮ ಮನೆಯಲ್ಲಿ ಬಿಟ್ಟುಹೋದವುಗಳು ಇವು:

ಕೌದಿ, ಒಂದು. ತೊಟ್ಟಿಲಿಗೆ ಮಡಿಚಿ ಹಾಸಿದರೆ ಮಗು ಸಿಂಹಾಸನದಷ್ಟು ಎತ್ತರಕ್ಕೇರುವುದರಿಂದ, ಸದ್ಯ ಮನೆಮಂದಿಯೆಲ್ಲ ಅದರ ಕೆಳಗೆ ಮಲಗುತ್ತೇವೆ.

ನಶ್ಯದ ಡಬ್ಬಿ, ಅರ್ಧ ತುಂಬಿದ್ದು. ನಮ್ಮವರು ಕದ್ದು ಏರಿಸುತ್ತಿದ್ದಾರೆ.

ಸೂಜಿಗಳು. ಒಂದು ನನ್ನ ಹಿಮ್ಮಡಿಗೆ ಸಿಕ್ಕಿತು. ಇನ್ನೊಂದು ನಮ್ಮವರಿಗೆ ಎಲ್ಲಿ ಸಿಕ್ಕಿತೆಂಬುದನ್ನು ಅಚ್ಚಿನಲ್ಲಿ ಬರೆಯಲಾಗದು.

ಹೇರಳೆಕಾಯಿಯ ಉಪ್ಪಿನಕಾಯಿ, ಒಂದು ಭರಣಿ. ನನ್ನದಕ್ಕಿಂತ ಚೆನ್ನಾಗಿದೆ ಎಂದು ಮರಿಯಮಬಿ ಹೇಳುತ್ತಾಳೆ. ಆಕೆಗೆ ರುಚಿ ಅಷ್ಟಾಗಿ ತಿಳಿಯುವುದಿಲ್ಲ.

ಕೊನೆಯದಾಗಿ, ತಮ್ಮ ಹೆಸರು. ಮಗುವಿಗೆ ವೀರವ್ವ ಎಂದೇ ಇಟ್ಟಿದ್ದೇವೆ. ಹಿರಿಯರ ಹೆಸರನ್ನು ಬಾಯಿಗೆ ತರಲಾರದೆ, ಅವರಿಗೆ ಸಾಕು ಎನ್ನಲಾರದೆ ಇದ್ದವಳು ನಾನು. ಈಗ ದಿನಕ್ಕೆ ಎಷ್ಟು ಸಾರಿಯಾದರೂ, ಓಣಿಗೆಲ್ಲ ಕೇಳುವಂತೆ, "ಏ ವೀರವ್ವಾ, ಸಾಕ ಮಾಡ ನಿನ್ನ ಗದ್ಲಾ," ಎಂದು ಗದರಿಸುತ್ತೇನೆ.

ಈಕೆಯೂ ಕೇಳುವುದಿಲ್ಲ.